48ನೆಯ ಹಲ್ಲು

ಮನುಷ್ಯನ ಬಾಯಲ್ಲಿರುವುದು ಒಟ್ಟು 32 ಹಲ್ಲು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಹಾಗಾಗಿ ದಂತವೈದ್ಯೆ ಎಕ್ಸ್‌ರೇ ಚಿತ್ರವನ್ನು ಪರದೆಯ ಮೇಲೆ ತೋರಿಸಿ, "ನಿಮಗೆ ತೊಂದರೆ ಕೊಡುತ್ತಿರುವುದು 48" ಎಂದಾಗ ನನ್ನ ಬಾಯಲ್ಲಿ ಹದಿನಾರು ಹಲ್ಲು ಹೆಚ್ಚಿಗೆ ಹುಟ್ಟಿಕೊಂಡವೇ ಎಂದು ಗಾಬರಿಯಾಯಿತು. ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೇಲಿನ ಬಲಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4 ಎಂದು ಅಂಕೆ ಕೊಡುತ್ತಾರೆ. ಪ್ರತಿ ಭಾಗದಲ್ಲೂ ಮುಂಭಾಗದ ನಡುವಿನ ಹಲ್ಲಿನಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಕಟ್ಟಕಡೆಯದು ಎಂಟನೆಯದಾಗುತ್ತದೆ. ಅಂದರೆ ಅದು ನಲವತ್ತೆಂಟಲ್ಲ, ನಾಲ್ಕನೆಯ ಮನೆಯ ಎಂಟನೆಯವನು. ನಾವು ಬುದ್ಧಿ ಹಲ್ಲು ಎಂದು ಕರೆಯುವ ಮೂರನೆಯ ದವಡೆಹಲ್ಲು.

ಸಾಮಾನ್ಯವಾಗಿ ಈ ಹಲ್ಲು 17ರಿಂದ 25ನೆಯ ವಯಸ್ಸಿನೊಳಗೆ ಮೂಡುತ್ತದೆ. ಬುದ್ಧಿ ಬಲಿಯುವ ವಯಸ್ಸು ಎಂಬ ನಂಬಿಕೆಯಿಂದ ಆ ಹೆಸರು. ಕೊನೆಯ ದವಡೆಹಲ್ಲು ಇಪ್ಪತ್ತರ ಸುಮಾರಿಗೆ ಬರುತ್ತದೆಂದೂ, ಎಂಬತ್ತು ದಾಟಿದ ಹೆಂಗಸರಲ್ಲಿಯೂ ಅದು ಬಹಳ ನೋವು ಕೊಟ್ಟು ಹುಟ್ಟಿದ್ದುಂಟೆಂದೂ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ನನಗಂತೂ ಅದು ಇಪ್ಪತ್ತಮೂರಕ್ಕೆ ತಲೆ ತೋರಿಸಿ, ಅರ್ಧಕ್ಕೇ ನಿಂತುಬಿಟ್ಟಿತ್ತು. ವರ್ಷಕ್ಕೆ ಎರಡು ಸಲ ದವಡೆಯ ಮೂಲೆ ಊದಿಕೊಳ್ಳುವುದು, ನಾಲ್ಕು ದಿನ ಗುಳಿಗೆ ನುಂಗುವುದು, ಇಳಿದ ಮೇಲೆ ಮರೆತುಬಿಡುವುದು: ಹೀಗೆ ಆರು ವರ್ಷ ನಡೆಯಿತು. ಮೊದಲು ಹೋಗುತ್ತಿದ್ದ ಚಿಕಿತ್ಸಾಲಯದಲ್ಲಿ ಪ್ರತಿ ಸಲವೂ ಆ್ಯಂಟಿಬಯಾಟಿಕ್ ಬರೆದುಕೊಟ್ಟು ಕಳುಹಿಸುತ್ತಿದ್ದರೇ ಹೊರತು ಒಮ್ಮೆಯೂ ಎಕ್ಸ್‌ರೇ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಕೇಳಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೋವು ಇಳಿದರೆ ಸಾಕು ಎಂಬುದಷ್ಟೇ ನನ್ನ ಹಂಬಲವಾಗಿತ್ತು.

ಗುಳಿಗೆಯಿಂದ ಅದು ಏಕೆ ವಾಸಿಯಾಗುವಂತಿರಲಿಲ್ಲ ಎಂಬುದು ದವಡೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಪಟದಲ್ಲಿ ಹಿಡಿಯುವ ಓಪಿಜಿ ಎಂಬ ಎಕ್ಸ್‌ರೇ ನೋಡಿದಾಗ ಅರ್ಥವಾಯಿತು. ಮಿಕ್ಕ ಹಲ್ಲುಗಳೆಲ್ಲ ಸಾಲಾಗಿ ನೆಟ್ಟಗೆ ನಿಂತಿದ್ದರೆ, ಈ ಮಹಾರಾಯ ಮಾತ್ರ ಮುಂದಿನ ಹಲ್ಲಿನ ಸೊಂಟಕ್ಕೆ ತಲೆ ಒತ್ತಿಕೊಂಡು ಓರೆಯಾಗಿ ವಾಲಿದ್ದ. ಹಲ್ಲಿನ ಅರ್ಧಭಾಗವನ್ನು ವಸಡಿನ ಒಂದು ಪದರ ಮುಚ್ಚಿತ್ತು. ಆ ಪದರದಡಿಯ ಸಂದಿಗೆ ಆಹಾರದ ಚೂರು ಸೇರುತ್ತದೆ, ಬ್ರಷ್ ಅಲ್ಲಿಗೆ ತಲುಪುವುದಿಲ್ಲ, ಕೊಳೆತು ಕೀವಾಗುತ್ತದೆ, ವಸಡು ಊದುತ್ತದೆ. ಊದಿದ ವಸಡನ್ನು ಮೇಲಿನ ಬುದ್ಧಿ ಹಲ್ಲು ಪ್ರತಿ ಸಲ ಅಗಿಯುವಾಗಲೂ ಕುಕ್ಕುವುದರಿಂದ ಊತ ಇನ್ನಷ್ಟು ಹೆಚ್ಚುತ್ತದೆ. ಗುಳಿಗೆ ಸೋಂಕನ್ನು ತಗ್ಗಿಸುತ್ತದೆ, ಸಂದಿಯನ್ನು ಮುಚ್ಚುವುದಿಲ್ಲ. ಆದ್ದರಿಂದ ಕೆಳಗಿನ 48ನ್ನೂ ಅದನ್ನು ಕುಕ್ಕುತ್ತಿದ್ದ ಮೇಲಿನ 18ನ್ನೂ ಒಂದೇ ಸಲಕ್ಕೆ ತೆಗೆಯುವುದೆಂದು ತೀರ್ಮಾನವಾಯಿತು. ಇಪ್ಪತ್ತರ ಆಸುಪಾಸಿನಲ್ಲೇ ಬಂದಿದ್ದರೆ ಬೇರು ಪೂರ್ತಿ ಬೆಳೆಯುವ ಮೊದಲೇ, ಮೂಳೆ ಇಷ್ಟು ಗಟ್ಟಿಯಾಗುವ ಮೊದಲೇ ಕೆಲಸ ಸುಲಭವಾಗಿ ಮುಗಿಯುತ್ತಿತ್ತು ಎಂದು ವೈದ್ಯೆ ಹೇಳಿದರು. ಬೈಯುವ ಧಾಟಿ ಅದರಲ್ಲಿರಲಿಲ್ಲ. ಆದರೂ ಬೈಸಿಕೊಂಡಂತೆಯೇ ಆಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅವರು ಪಟದಲ್ಲಿ ಇನ್ನೊಂದನ್ನು ಬೆರಳಿಟ್ಟು ತೋರಿಸಿದರು. ಕೆಳದವಡೆಯ ಮೂಳೆಯೊಳಗೆ, ಬುದ್ಧಿ ಹಲ್ಲಿನ ಬೇರಿನ ತುದಿಗೆ ಸ್ವಲ್ಪ ಕೆಳಗೆ, ತೆಳುವಾದ ಎರಡು ಗೆರೆಗಳ ನಡುವೆ ಒಂದು ಕಾಲುವೆ ಹಾದುಹೋಗುತ್ತದೆ. ಕೆಳದುಟಿಗೂ ಗದ್ದಕ್ಕೂ ಸ್ಪರ್ಶದ ಅರಿವು ಕೊಡುವ ನರ ಅದರೊಳಗಿದೆ. ಬೇರು ಅದಕ್ಕೆ ಹತ್ತಿರವಾಗಿದ್ದರೆ, ತೆಗೆಯುವಾಗ ನರಕ್ಕೆ ಪೆಟ್ಟಾಗಿ ತುಟಿಯ ಒಂದು ಭಾಗ ಕೆಲವು ವಾರ ಅಥವಾ ತಿಂಗಳು ಜೋಮು ಹಿಡಿದಂತಿರಬಹುದು. ಅಪರೂಪಕ್ಕೆ ಅದು ಶಾಶ್ವತವಾಗಿ ಉಳಿಯುವುದೂ ಉಂಟು. ನನ್ನ ಹಲ್ಲಿನ ಬೇರಿಗೂ ಕಾಲುವೆಗೂ ನಡುವೆ ಸಾಕಷ್ಟು ಅಂತರವಿತ್ತು. ಆದರೂ ಆ ರಾತ್ರಿ ಮಲಗುವ ಮೊದಲು ಕನ್ನಡಿಯೆದುರು ನಿಂತು ಕೆಳದುಟಿಯನ್ನು ಹಲವು ಸಲ ಮುಟ್ಟಿ ನೋಡಿಕೊಂಡೆ.

ತೆಗೆಯುವ ದಿನದ ಬಗ್ಗೆ ನನಗಿದ್ದ ಭಯವೆಲ್ಲ ಸುಳ್ಳಾಯಿತು. ಹಲ್ಲು ಕೀಳುವುದೆಂದರೆ ಇಕ್ಕಳ ಹಾಕಿ ಎಳೆಯುವುದು ಎಂದುಕೊಂಡಿದ್ದೆ. ಓರೆಯಾಗಿ ಸಿಕ್ಕಿಬಿದ್ದ ಹಲ್ಲಿನ ವಿಷಯದಲ್ಲಿ ಹಾಗಾಗುವುದಿಲ್ಲ. ಎಳೆದರೆ ಬರಬೇಕಾದ ದಾರಿಗೆ ಮುಂದಿನ ಹಲ್ಲೇ ಅಡ್ಡ. ಮೊದಲು ಚುಚ್ಚುಮದ್ದು. ಲಿಗ್ನೋಕೇನ್ ಎಂಬ ಈ ಔಷಧಿಯನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ. ಆ ಪುಣ್ಯಾತ್ಮನಿಗೆ ಕುರ್ಚಿಯಲ್ಲಿ ಮಲಗಿಕೊಂಡೇ ಕೈಮುಗಿಯಬೇಕೆನಿಸಿತು. ಅದರೊಡನೆ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ, ರಕ್ತನಾಳಗಳು ಕುಗ್ಗಿ ಮದ್ದು ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಲಿ ಎಂದು. ಚುಚ್ಚಿದ ಒಂದೆರಡು ನಿಮಿಷ ಎದೆ ಡವಡವ ಹೊಡೆದುಕೊಂಡದ್ದು ನನ್ನ ಅಂಜಿಕೆಯಿಂದಲೋ ಅಡ್ರಿನಲಿನ್ನಿನಿಂದಲೋ ಹೇಳಲಾರೆ. ಐದು ನಿಮಿಷದಲ್ಲಿ ಬಲಗಡೆಯ ಅರ್ಧ ನಾಲಿಗೆ, ಅರ್ಧ ತುಟಿ ಬೇರೆ ಯಾರದೋ ಎನ್ನುವಂತಾಯಿತು.

"ಒತ್ತುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ" ಎಂದರು. ಆ ಮಾತು ಅಕ್ಷರಶಃ ನಿಜ. ನೋವನ್ನು ಒಯ್ಯುವ ಸಣ್ಣ ನರತಂತುಗಳು ಮದ್ದಿಗೆ ಬೇಗ ಮಣಿಯುತ್ತವೆ, ಒತ್ತಡವನ್ನು ಒಯ್ಯುವ ದಪ್ಪ ತಂತುಗಳು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಆದ್ದರಿಂದ ದವಡೆಯನ್ನು ಯಾರೋ ಅದುಮುತ್ತಿದ್ದಾರೆ, ತಿರುಚುತ್ತಿದ್ದಾರೆ ಎಂಬುದು ತಿಳಿಯುತ್ತಲೇ ಇರುತ್ತದೆ. ವಸಡನ್ನು ಕೊಯ್ದು ಬಿಡಿಸಿ, ಸುತ್ತಲಿನ ಮೂಳೆಯನ್ನು ಸ್ವಲ್ಪ ಕೊರೆದು, ಹಲ್ಲನ್ನು ಅಲ್ಲಿಯೇ ತುಂಡು ಮಾಡಿದರು. ಕೊರೆಯುವ ಯಂತ್ರದ ಸದ್ದು ಕಿವಿಯಿಂದ ಬರಲಿಲ್ಲ, ತಲೆಬುರುಡೆಯ ಒಳಗಿನಿಂದಲೇ ಬಂದಿತು. ಹಲ್ಲು ಸೀಳಿದಾಗ ಒಣ ಕಟ್ಟಿಗೆ ಮುರಿದಂತೆ "ಟಕ್" ಎಂದದ್ದನ್ನು ಮಾತ್ರ ನಾನು ಮರೆಯಲಾರೆ. ನೋವಿಲ್ಲದೆಯೂ ಮೈ ಜುಮ್ಮೆನ್ನಿಸುವ ಸದ್ದು ಅದು. ಕೆಳಗಿನದಕ್ಕೆ ನಲವತ್ತು ನಿಮಿಷ ಹಿಡಿಯಿತು. ಮೇಲ್ದವಡೆಯ ಮೂಳೆ ಮೆದು, ಹಾಗಾಗಿ ಮೇಲಿನದು ಐದೇ ನಿಮಿಷದಲ್ಲಿ ಕೈಗೆ ಬಂತು. ಸ್ಟೀಲಿನ ತಟ್ಟೆಯಲ್ಲಿ 48 ಮೂರು ತುಂಡಾಗಿ ಬಿದ್ದಿತ್ತು. ಒಂದು ಬೇರಿನ ತುದಿ ಮೀನಿನ ಗಾಳದ ಹಾಗೆ ಬಾಗಿತ್ತು.

ನಿಜವಾದ ಕೆಲಸ ಶುರುವಾಗುವುದು ಕುರ್ಚಿಯಿಂದ ಎದ್ದ ಮೇಲೆ, ಮತ್ತು ಅದು ರೋಗಿಯ ಪಾಲಿನದು.

ಹಲ್ಲಿದ್ದ ಜಾಗದಲ್ಲಿ ಉಳಿದ ಗುಳಿಯೊಳಗೆ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಇದೊಂದೇ ಮಾತು ಇರುವುದು ಎಷ್ಟು ಸರಿ ಎಂದು ನನಗೆ ಆ ವಾರ ಹೊಳೆಯಿತು. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದು, ಗುಳಿಯನ್ನೂ ಅಲುಗಿಸಬಾರದು. ಈ ಹೆಪ್ಪು ಕೆಳಗಿನ ಬೆತ್ತಲೆ ಮೂಳೆಗೂ ನರದ ತುದಿಗಳಿಗೂ ಮುಚ್ಚಳ, ಹೊಸ ಮಾಂಸ ಬೆಳೆಯುವುದಕ್ಕೆ ಅದೇ ಹಂದರ. ಮನೆಗೆ ಹೊರಡುವಾಗ ಕೊಟ್ಟ ಸೂಚನೆಗಳೆಲ್ಲ ಬೇರೆ ಬೇರೆ ಮಾತುಗಳಲ್ಲಿ ಇದನ್ನೇ ಹೇಳುತ್ತವೆ. ಗಾಜ್ ಬಟ್ಟೆಯನ್ನು ಒಂದು ಗಂಟೆ ಕಚ್ಚಿ ಹಿಡಿಯಬೇಕು, ನಡುನಡುವೆ ತೆಗೆದು ನೋಡಬಾರದು. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು; ಹೀರಿದಾಗ ಬಾಯೊಳಗೆ ಉಂಟಾಗುವ ಸೆಳೆತಕ್ಕೆ ಹೆಪ್ಪು ಕಿತ್ತುಬರಬಹುದು. ಸೇದುವವರು ಸಿಗರೇಟನ್ನು ದೂರವಿಡಲೇಬೇಕು, ಏಕೆಂದರೆ ಅದರಲ್ಲಿ ಹೀರುವ ಸೆಳೆತವೂ ಇದೆ, ರಕ್ತನಾಳವನ್ನು ಕುಗ್ಗಿಸುವ ನಿಕೋಟಿನ್ ಕೂಡ ಇದೆ. ಬಿಸಿಯಾದದ್ದನ್ನು ಕುಡಿಯುವಂತಿಲ್ಲ. ಜೊಲ್ಲಿನಲ್ಲಿ ಒಂದು ಹನಿ ರಕ್ತ ಬೆರೆತರೂ ಬಾಯೆಲ್ಲ ರಕ್ತವೆನಿಸುತ್ತದೆ. ಮೊದಲ ದಿನ ದಿಂಬಿನ ಮೇಲೆ ಗುಲಾಬಿ ಬಣ್ಣದ ಕಲೆ ಕಂಡರೆ ಹೆದರಬೇಕಿಲ್ಲ.

ಮದ್ದಿನ ಪ್ರಭಾವ ಇಳಿಯುವ ಮೊದಲೇ ಮೊದಲ ನೋವಿನ ಗುಳಿಗೆ ಹೊಟ್ಟೆಯಲ್ಲಿರಬೇಕು ಎಂಬ ಸೂಚನೆಯನ್ನು ನಾನು ಪಾಲಿಸಿದೆ, ಅದರ ಫಲವೂ ಸಿಕ್ಕಿತು. ನನಗೆ ಬರೆದುಕೊಟ್ಟದ್ದು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಟ್ಟಿಗೆ ಚೆನ್ನಾಗಿ ಹಿಡಿತಕ್ಕೆ ತರುತ್ತವೆ, ಆದರೆ ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇರುವವರಿಗೆ ಐಬುಪ್ರೊಫೆನ್ ಸಲ್ಲದಿರಬಹುದು, ಅದನ್ನು ಮೊದಲೇ ಹೇಳಿಬಿಡಬೇಕು. ಮೊದಲ ದಿನ ಕೆನ್ನೆಯ ಮೇಲೆ ಐಸ್ ಪ್ಯಾಕ್, ಇಪ್ಪತ್ತು ನಿಮಿಷ ಇಟ್ಟು ಇಪ್ಪತ್ತು ನಿಮಿಷ ಬಿಟ್ಟು. ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ: ತಣ್ಣಗಿರಬೇಕು, ಮೆತ್ತಗಿರಬೇಕು, ಸಣ್ಣ ಬೀಜಗಳಿರಬಾರದು, ಅಷ್ಟೇ.

ಯಾರೂ ಒತ್ತಿ ಹೇಳದ ಒಂದು ಸಂಗತಿಯೆಂದರೆ, ಎರಡನೆಯ ಮೂರನೆಯ ದಿನಗಳಲ್ಲಿ ಮೊದಲ ದಿನಕ್ಕಿಂತ ಮುಖ ಹೆಚ್ಚು ಕೆಟ್ಟಿರುತ್ತದೆ. ಊತ ತನ್ನ ಶಿಖರ ಮುಟ್ಟುವುದು 48ರಿಂದ 72 ಗಂಟೆಗಳ ನಡುವೆ. ಮೂರನೆಯ ದಿನ ಬೆಳಿಗ್ಗೆ ಬಾಯಿ ತೆರೆಯಲು ಹೋದರೆ ಒಂದು ಬೆರಳು ಮಾತ್ರ ಹಿಡಿಯುವಷ್ಟು ಸಂದಿ. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ತೂರಿಸಬಹುದು, ನೀವೇ ನೋಡಿಕೊಳ್ಳಿ. ಅಗಿಯುವ ಸ್ನಾಯುಗಳು ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ದವಡೆಯ ಅಂಚಿನಿಂದ ಕುತ್ತಿಗೆಯವರೆಗೆ ಹಳದಿ ಮಿಶ್ರಿತ ಹಸಿರು ಬಣ್ಣ ಇಳಿದಿತ್ತು. ಫೋನಿನಲ್ಲಿ ಅಕ್ಕ, "ಬಾಯಲ್ಲಿ ಏನಾದರೂ ಇಟ್ಟುಕೊಂಡು ಮಾತಾಡುತ್ತಿದ್ದೀಯೇನೋ?" ಎಂದು ಕೇಳಿದಳು.

ಇಷ್ಟರವರೆಗೆ ಎಲ್ಲವೂ ಲೆಕ್ಕದಂತೆಯೇ ಇತ್ತು. ಕೆಡಿಸಿದವನು ನಾನೇ. ಎರಡನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ತುಂಬಿಕೊಂಡು, ತಲೆಯನ್ನು ಮೆಲ್ಲಗೆ ಅತ್ತಿತ್ತ ವಾಲಿಸಿ, ತಾನಾಗಿ ಹೊರಗೆ ಬೀಳಲು ಬಿಡಬೇಕೆಂದು ಹೇಳಿದ್ದರು. ಆದರೆ ಬಾಯಿಯ ರುಚಿಗೆ ಹೇಸಿ, ಮೂರನೆಯ ದಿನ ಸಂಜೆ ಕೆನ್ನೆ ಉಬ್ಬಿಸಿ ಗಳಗಳನೆ ಮುಕ್ಕಳಿಸಿ ಉಗುಳಿದೆ. ಕೆಳದವಡೆಯ ಗುಳಿಗಳಲ್ಲಿ ಹೆಪ್ಪು ಹಾಗೆಯೂ ಕರಗುವುದುಂಟು, ಹಾಗಾಗಿ ತಪ್ಪೆಲ್ಲ ಆ ಒಂದು ಮುಕ್ಕಳಿಕೆಯದೇ ಎಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯೆ ಆಮೇಲೆ ಸಮಾಧಾನ ಹೇಳಿದರು. ನನಗೆ ಮಾತ್ರ ಅನುಮಾನವಿಲ್ಲ.

ನಾಲ್ಕನೆಯ ರಾತ್ರಿ ನೋವು ಇಳಿಯುವ ಬದಲು ಏರತೊಡಗಿತು. ಅದು ಹಲ್ಲುನೋವಿನ ಹಾಗಿರಲಿಲ್ಲ. ದವಡೆಯ ಆಳದಿಂದ ಹೊರಟು ಕಿವಿಗೆ, ಕಿವಿಯಿಂದ ಕಪಾಲಕ್ಕೆ ಹತ್ತುವ ಒಂದೇ ಸಮನೆಯ ಸೆಳೆತ. ಕೆಳಹಲ್ಲುಗಳಿಗೂ ಕಿವಿಯ ಮುಂಭಾಗಕ್ಕೂ ಒಂದೇ ನರದ ಕವಲುಗಳು ಹೋಗುವುದರಿಂದ ಹೀಗಾಗುತ್ತದೆ. ಗುಳಿಗೆಗೆ ಅದು ಜಗ್ಗಲಿಲ್ಲ. ಬಾಯಿಂದ ನನಗೇ ಅಸಹ್ಯವಾಗುವಂಥ ವಾಸನೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಕಪ್ಪುಗೆಂಪು ಹೆಪ್ಪು ಇರಬೇಕಾದಲ್ಲಿ ಬೂದುಬಣ್ಣದ ಖಾಲಿ ಗುಳಿ. ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. 1896ರಲ್ಲಿ ಕ್ರಾಫರ್ಡ್ ಎಂಬ ದಂತವೈದ್ಯ ಇದನ್ನು ಮೊದಲು ವಿವರಿಸಿದನಂತೆ. ನೋವು ಮೂರು ದಿನದ ಮೇಲೆ ಹೆಚ್ಚುತ್ತ ಹೋದರೆ ಕಾಯುತ್ತ ಕೂರಬಾರದು. ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅದೇ ಗಳಿಗೆಯಲ್ಲಿ ಹೊರಡಬೇಕು.

ಚಿಕಿತ್ಸೆ ಅಚ್ಚರಿಯಾಗುವಷ್ಟು ಸರಳವಾಗಿತ್ತು. ಗುಳಿಯನ್ನು ಸಲೈನ್‌ನಿಂದ ತೊಳೆದು, ಯೂಜಿನಾಲ್ ಇರುವ ಮದ್ದಿನಲ್ಲಿ ಅದ್ದಿದ ಪಟ್ಟಿಯನ್ನು ಅದರೊಳಗೆ ಮೆಲ್ಲಗೆ ತುರುಕಿದರು. ಯೂಜಿನಾಲ್ ಎಂದರೆ ಲವಂಗದ ಎಣ್ಣೆಯ ಸತ್ವ. ಕೊಠಡಿಯೆಲ್ಲ ಆ ವಾಸನೆ. ಹತ್ತು ನಿಮಿಷದೊಳಗೆ, ಯಾರೋ ಗುಂಡಿ ಒತ್ತಿ ಆರಿಸಿದಂತೆ, ನೋವು ನಿಂತಿತು. ಅಲ್ಲಿಯೇ ಕಾಯುವ ಬೆಂಚಿನ ಮೇಲೆ ಕೂತವನು ಗೋಡೆಗೊರಗಿ ನಿದ್ದೆ ಹೋಗಿದ್ದೆ. ಎರಡು ದಿನಕ್ಕೊಮ್ಮೆ ಹೋಗಿ ಮೂರು ಸಲ ಪಟ್ಟಿ ಬದಲಿಸಿಕೊಂಡೆ. ಏಳನೆಯ ದಿನ ಕಪ್ಪು ರೇಷ್ಮೆದಾರದ ಮೂರು ಹೊಲಿಗೆ ಬಿಚ್ಚಿದರು. ಅಷ್ಟೂ ದಿನ ನಾಲಿಗೆ ಆ ದಾರದ ತುದಿಗಳನ್ನು ಹುಡುಕಿಕೊಂಡು ಹೋಗದ ಗಳಿಗೆಯಿರಲಿಲ್ಲ.

ಆಮೇಲಿನ ವಾರಗಳಲ್ಲಿ ಊಟ ಮಾಡಿದಾಗಲೆಲ್ಲ ಗುಳಿಯಲ್ಲಿ ಏನಾದರೊಂದು ಸಿಕ್ಕಿಕೊಳ್ಳುತ್ತಿತ್ತು. ಬಾಗಿದ ತುದಿಯ ಪ್ಲಾಸ್ಟಿಕ್ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯಲು ಕಲಿಸಿದರು. ಮೊದಲ ಸಲ ಅದರಿಂದ ಹೊರಬಿದ್ದದ್ದನ್ನು ಇಲ್ಲಿ ವರ್ಣಿಸುವುದು ಬೇಡ. ಆರನೆಯ ವಾರಕ್ಕೆ ವಸಡು ಮೇಲಿನಿಂದ ಕೂಡಿಕೊಂಡಿತು. ಒಳಗೆ ಮೂಳೆ ತುಂಬಲು ಇನ್ನೂ ಹಲವು ತಿಂಗಳು ಬೇಕು.

ಎಡಗಡೆಯ 28 ಮತ್ತು 38 ಇನ್ನೂ ಇವೆ. ಅವನ್ನೂ ಒಟ್ಟಿಗೆ ತೆಗೆಸಿಬಿಡಿ ಎಂದವರು ಹಲವರು. ರೋಗವಿಲ್ಲದ ಬುದ್ಧಿ ಹಲ್ಲನ್ನು ಮುನ್ನೆಚ್ಚರಿಕೆಗೆಂದು ತೆಗೆಯುವ ರೂಢಿಯನ್ನು ಬಿಡಬೇಕೆಂದು ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಸೂಚಿಸಿದೆ. ಬೇರೆ ಕಡೆಯ ಎಲ್ಲ ತಜ್ಞರೂ ಅದನ್ನು ಒಪ್ಪುವುದಿಲ್ಲ. ನನ್ನವು ನೆಟ್ಟಗೆ ಪೂರ್ತಿಯಾಗಿ ಮೂಡಿವೆ, ಬ್ರಷ್ ತಲುಪುತ್ತದೆ, ಒಂದನ್ನೊಂದು ಸರಿಯಾಗಿ ಕಚ್ಚುತ್ತವೆ. ಹಾಗಾಗಿ ಅವು ಇರಲಿ, ಆರು ತಿಂಗಳಿಗೊಮ್ಮೆ ನೋಡೋಣ ಎಂದು ವೈದ್ಯೆ ಹೇಳಿದ್ದಾರೆ. ಈ ಸಲ ಮುಂದಿನ ಭೇಟಿಯ ದಿನವನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಬಂದಿದ್ದೇನೆ.