ದೊಡ್ಡಮ್ಮ ತಮ್ಮ ಮನೆಯಲ್ಲೇ ಇರಲೆಂದು

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬರೇ ಇರುವ ನನ್ನ ದೊಡ್ಡಮ್ಮನಿಗೆ ಎಪ್ಪತ್ತಾರು ವರ್ಷ. ಕಳೆದ ವರ್ಷ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಅವರು ಬಚ್ಚಲಿನ ಬಾಗಿಲಲ್ಲಿ ತಲೆ ಸುತ್ತಿ ಬಿದ್ದರು. ಮೂಳೆ ಮುರಿಯಲಿಲ್ಲವಾದರೂ ನೆಂಟರೆಲ್ಲರೂ ಅವರನ್ನು ಬೆಂಗಳೂರಿಗೆ ಕರೆದೊಯ್ಯುವ ಮಾತೆತ್ತಿದರು. ಆಗ ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು: "ಅಲ್ಲಿಗೆ ಬಂದು ಗೋಡೆ ನೋಡ್ಕೊಂಡು ಕೂತ್ಕೊಳ್ಳಲೇನಮ್ಮಾ? ಇಲ್ಲಿ ಡೇರಿಗೆ ಹಾಲು ಹಾಕೋರು ಯಾರು?" ಈ ಪ್ರಶ್ನೆಗೆ ಮರ್ಯಾದೆಯ ಉತ್ತರ ಕೊಡಬೇಕೆಂದರೆ ಮೊದಲು ಅವರು ಬಿದ್ದದ್ದೇಕೆ ಎಂಬುದು ತಿಳಿಯಬೇಕಿತ್ತು.

ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಮೊದಲು ಆರಂಭಿಸಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವನ್ನು ಪರೀಕ್ಷಿಸಿ ಮಾತ್ರೆ ತಲುಪಿಸುವುದು ಅದರ ಕೆಲಸ. ಊರಿನ ಆಶಾ ಕಾರ್ಯಕರ್ತೆಯ ಜತೆ ಸಮುದಾಯ ಆರೋಗ್ಯಾಧಿಕಾರಿ ಬರುವ ದಿನವನ್ನು ಕೇಳಿಕೊಂಡು ನಾನೂ ಊರಿಗೆ ಹೋದೆ.

ಆ ಆರೋಗ್ಯಾಧಿಕಾರಿ ಯುವತಿ ಬಂದವರೇ ಯಂತ್ರ ತೆಗೆಯದೆ, "ಅಜ್ಜೀ, ನೀವು ನುಂಗೋ ಮಾತ್ರೆಯನ್ನೆಲ್ಲ ಇಲ್ಲಿ ತನ್ನಿ" ಎಂದರು. ದೊಡ್ಡಮ್ಮ ಬಿಸ್ಕತ್ತಿನ ಡಬ್ಬಿಯನ್ನು ಚಾಪೆಯ ಮೇಲೆ ಸುರಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ, ರಕ್ತದೊತ್ತಡ ಇಳಿಸುವ ಆಮ್ಲೊಡಿಪಿನ್ ಮಾತ್ರೆಯ ಪಕ್ಕದಲ್ಲಿ, ಪಟ್ಟಣದ ಖಾಸಗಿ ದವಾಖಾನೆಯೊಂದರಲ್ಲಿ ಬರೆದುಕೊಟ್ಟ ಬೇರೆ ಹೆಸರಿನ ಮಾತ್ರೆಯೂ ಇತ್ತು. ಆ ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿದಾಗ ಅದೂ ಆಮ್ಲೊಡಿಪಿನ್ ಎಂದೇ ತಿಳಿಯಿತು. ಒಂದೇ ಔಷಧಿಯನ್ನು ಅವರು ಎರಡೆರಡು ಪಾಲು ನುಂಗುತ್ತಿದ್ದರು. ಬಳಿಕ ಅಜ್ಜಿಯನ್ನು ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷಕ್ಕೆ ಮತ್ತೊಮ್ಮೆ ಒತ್ತಡ ನೋಡಿದರು. ನಿಂತಾಗ ಮೇಲಿನ ಸಂಖ್ಯೆ 20ರಷ್ಟು ಇಳಿದರೆ ಬೀಳುವ ಅಪಾಯವಿದೆಯೆಂದು ಅರ್ಥ. ದೊಡ್ಡಮ್ಮನದು ಅದಕ್ಕಿಂತ ಹೆಚ್ಚಾಗಿಯೇ ಇಳಿದಿತ್ತು. ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಒಂದು ಮಾತ್ರೆಯನ್ನು ನಿಲ್ಲಿಸಿದರು. ಎರಡು ಕಡೆಯ ವೈದ್ಯರೂ ತಮಗೆ ಕಂಡದ್ದಕ್ಕೆ ಸರಿಯಾಗಿಯೇ ಔಷಧಿ ಬರೆದಿದ್ದರು, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳುವ ದಾರಿಯೇ ಇರಲಿಲ್ಲ.

ಆ ದಾರಿಗೆಂದು ಅಂದೇ ಒಂದು ನೋಟ್‌ಬುಕ್ಕನ್ನು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆವು. ಯಾರು ಬಂದು ಏನು ನೋಡಿದರೂ, ಏನು ಬದಲಿಸಿದರೂ ಅದರಲ್ಲೇ ಬರೆಯಬೇಕು. ದೊಡ್ಡಮ್ಮ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಕೈಚೀಲದಲ್ಲಿ ಒಯ್ಯಬೇಕು. ಬಚ್ಚಲಿನ ಗೋಡೆಗೆ ಗಾರೆಯವರು ಹಿಡಿಕೆಯ ಕಂಬಿ ಕೂರಿಸಿದರು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ವ್ಯಾಯಾಮವನ್ನು ಪಕ್ಕದ ಮನೆಯ ಸೊಸೆ ಜತೆಗೆ ನಿಂತು ಮಾಡಿಸುತ್ತಾಳೆ. ನೆಂಟರಲ್ಲಿ ಆಳಿಗೊಂದು ಸಲಹೆ ಕೊಡುವುದು ನಿಂತು, ಈಗ ಫೋನ್ ಮಾಡುವ ಹೊಣೆ ನನ್ನೊಬ್ಬಳದು.

ಇದರಲ್ಲೆಲ್ಲ ನಾವು ಎಣಿಸಿರದ ನೆರವು ಸಿಕ್ಕಿದ್ದು ಹಾಲಿನ ಡೇರಿಯಿಂದ. ದೊಡ್ಡಮ್ಮ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಅಲ್ಲಿಗೆ ಹೋಗುತ್ತಾರೆ. ಅವರು ನಡೆಯುವುದನ್ನು, ಮಾತಾಡುವುದನ್ನು ದಿನಕ್ಕೆರಡು ಬಾರಿ ಕಾಣುವವರು ಡೇರಿಯ ಕಾರ್ಯದರ್ಶಿಯಲ್ಲದೆ ಬೇರಾರೂ ಇಲ್ಲ. ಯಾವ ಆರೋಗ್ಯ ಸಿಬ್ಬಂದಿಯೂ ಅಷ್ಟು ಬಾರಿ ಬರಲಾರರು. ಹಾಲು ಅಳೆಯುವ ಹೊತ್ತು ಮುಗಿದರೂ ದೊಡ್ಡಮ್ಮ ಬಾರದಿದ್ದರೆ ಪಕ್ಕದ ಮನೆಗೆ ಫೋನ್ ಮಾಡುವುದಾಗಿ ಅವರು ತಾವಾಗಿಯೇ ಹೇಳಿದರು. ಹಸು ಮಾರಿಸಿ ದೊಡ್ಡಮ್ಮನಿಗೆ ವಿಶ್ರಾಂತಿ ಕೊಡಬೇಕೆಂದು ವಾದಿಸಿದವರಿಗೆ ನಾನು ಇದನ್ನೇ ಹೇಳುತ್ತೇನೆ: ಆ ಹಸು ಹೋದರೆ ಅವರ ನಡಿಗೆ, ಕೈಖರ್ಚು, ದಿನಕ್ಕೆರಡು ಸಲ ಅವರನ್ನು ಗಮನಿಸುವ ಕಣ್ಣು ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಆಶಾ ಕಾರ್ಯಕರ್ತೆಯ ವಿಷಯದಲ್ಲಿ ಮಾತ್ರ ನನಗೆ ಸಂಕಟವಿದೆ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಬಾಣಂತಿಯರು, ಲಸಿಕೆಗಳು, ಸಮೀಕ್ಷೆಗಳ ಮೇಲೆ ಮುದುಕರ ಆರೈಕೆಯನ್ನೂ ಆಕೆಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಮನೆಮನೆಯ ಆರೈಕೆಯನ್ನು ಜೋಡಿಸುವ ಕೆಲಸಕ್ಕೆ ಪ್ರತ್ಯೇಕ ಕೂಲಿಯೂ ಗೌರವವೂ ದೊರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಈಗ ನೋಟ್‌ಬುಕ್ಕಿನಲ್ಲಿ ದೊಡ್ಡಮ್ಮನ ಬಲಗಣ್ಣಿನ ಪೊರೆಯ ವಿಚಾರವಿದೆ. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು; ಆದ್ದರಿಂದ ಹಸು ಕರು ಹಾಕುವ ಮುಂಚೆ ಹಾಲು ಬತ್ತಿಸುವ ಎರಡು ತಿಂಗಳಲ್ಲೇ ಅದನ್ನು ಮಾಡಿಸಲು ನಿರ್ಧರಿಸಿದ್ದೇವೆ. ಹುಲ್ಲು, ಸಗಣಿಯ ಕೆಲಸಕ್ಕೆ ಪಕ್ಕದ ಮನೆಯವರು ಒಪ್ಪಿದ್ದಾರೆ. ಹಾಲೇ ಇಲ್ಲದ ಆ ದಿನಗಳಲ್ಲಿ ಡೇರಿಯ ಕಣ್ಣು ತಪ್ಪಿಹೋಗುತ್ತದಲ್ಲ ಎಂಬ ನನ್ನ ಚಿಂತೆಗೆ ದೊಡ್ಡಮ್ಮನೇ ಉಪಾಯ ಹೇಳಿದರು: ಅಷ್ಟು ದಿನ ಕಾಫಿಗೆ ಬೇಕಾದ ಅರ್ಧ ಲೀಟರ್ ಹಾಲನ್ನು ಅವರು ಡೇರಿಗೇ ಹೋಗಿ ಕೊಂಡುಕೊಳ್ಳುತ್ತಾರಂತೆ.