ಆಡುತ್ತಾ ಬರೆಯುವುದು: ಭಾನುವಾರದ ಗುಂಪಿನ ಈವರೆಗಿನ ಟಿಪ್ಪಣಿಗಳು

ನಂಜನಗೂಡು ತಾಲ್ಲೂಕಿನ ನಮ್ಮೂರಿನ ಗ್ರಂಥಾಲಯದ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಬರವಣಿಗೆಯ ಆಟಗಳನ್ನು ಆಡಿಸುತ್ತಿದ್ದೇನೆ. ಒಂದನೇ ತರಗತಿಯಿಂದ ಐದನೇ ತರಗತಿಯವರೆಗಿನವರು ಬರುತ್ತಾರೆ. ಬೇಸಿಗೆ ರಜೆಯಲ್ಲಿ ಶುರುವಾದದ್ದು ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ. ಯಾವ ಆಟ ಹೇಗೆ ನಡೆಯಿತು, ಯಾವುದನ್ನು ಬದಲಿಸಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲಿ.

ಮೇ–ಜೂನ್

ಚಿಕ್ಕವರಿಗೆ ಅ, ಆ, ಇ, ಈ ಎಂದು ಆರಂಭಿಸಲಿಲ್ಲ. ನಮ್ಮ ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಹೊರಡುತ್ತದೆ. ಅದರ ಹಿಂದೆಯೇ ಜ, ವ, ಮ, ಬ, ನ. ಇದರ ಜಾಣತನ ಆಡಿಸಿದಾಗಲೇ ನನಗೆ ಪೂರ್ತಿ ತಿಳಿದದ್ದು. ಮೊದಲ ಐದು ಅಕ್ಷರಗಳಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ಕಾಗುಣಿತದ ಗೊಡವೆಯೇ ಇಲ್ಲದೆ ಮಗುವಿನ ಕೈಗೆ ಪದ ಬರುತ್ತದೆ.

ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಇಟ್ಟೆ. ಕುಂಟುತ್ತಾ ಹೋಗಿ ಪದ ಮುಗಿಸಬೇಕು, ಮುಗಿಸಿದವರು ಪಕ್ಕದ ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಬೆರಳಿನಿಂದ ಅದೇ ಪದವನ್ನು ಬರೆಯಬೇಕು. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರಲ್ಲ, ಆ ವಿದ್ಯೆಯೇ ಇದು. ಬೆರಳಿಗೆ ಕಾಳಿನ ತಡೆ ಸಿಕ್ಕರೆ ಅಕ್ಷರದ ಸುತ್ತು ಕೈಗೆ ಹತ್ತುತ್ತದೆ. ಮೊಬೈಲಿನ ನುಣುಪಾದ ಗಾಜಿನ ಮೇಲೆ ಆ ತಡೆ ಇಲ್ಲ. ಹಾಗಾಗಿ ಮೊಬೈಲನ್ನು ಈ ಗುಂಪಿನಿಂದ ದೂರವೇ ಇಟ್ಟಿದ್ದೇನೆ.

ಜುಲೈ

ಮಳೆ ಹಿಡಿದುಕೊಂಡಿದ್ದರಿಂದ ಒಳಗೆ ಕುಳಿತು ಆಡುವ ಆಟಗಳು. ನಮ್ಮ ಕಡೆ ಮಾತಿನಲ್ಲಿ ಹಕಾರ ಸವೆದುಹೋಗಿರುತ್ತದೆ. ಹಾಡು ಎನ್ನುವಲ್ಲಿ ಆಡು ಎಂದು ಬರೆಯುವ ಮಕ್ಕಳು ಹೆಚ್ಚು. ಅದಕ್ಕೆ ಬಾಯಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸಿದೆ. ‘ಹಾರು’ ಎಂದಾಗ ಕಾಗದ ಅಲುಗಬೇಕು, ‘ಆರು’ ಎಂದಾಗ ಅಲುಗಬಾರದು. ಒಬ್ಬರು ಹೇಳುವುದು, ಇನ್ನೊಬ್ಬರು ಕಾಗದವನ್ನು ನೋಡಿ ಬರೆಯುವುದು. ಮನೆಮಾತನ್ನು ತಪ್ಪು ಎಂದು ಒಮ್ಮೆಯೂ ಹೇಳಬೇಕಾಗಲಿಲ್ಲ ಎಂಬುದು ನನಗೆ ಬಹಳ ಮುಖ್ಯ.

ಒತ್ತಕ್ಷರಕ್ಕೆ ರಟ್ಟಿನ ಚೀಟಿಗಳನ್ನು ಮಾಡಿದೆವು: ಮೇಲೆ ದೊಡ್ಡ ಚೀಟಿ, ಕೆಳಗೆ ಒತ್ತಿನ ಚಿಕ್ಕ ಚೀಟಿ. ಮೊದಲು ನೆಂಟರ ಹೆಸರುಗಳು, ಏಕೆಂದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ, ತಮ್ಮ ಎಲ್ಲರಿಗೂ ಒತ್ತು ಬೇಕು. ಬಹುತೇಕ ಒತ್ತುಗಳಲ್ಲಿ ಮೂಲ ಅಕ್ಷರದ ಚಹರೆ ಕಾಣುತ್ತದೆ. ತ, ನ, ಮ, ಯ, ರ, ಲ ಒತ್ತುಗಳಲ್ಲಿ ಕಾಣುವುದಿಲ್ಲ. ಆ ಆರಕ್ಕೆ ಕೆಂಪು ಚೀಟಿ ಮಾಡಿ ಬೇರೆಯಾಗಿಯೇ ಆಡಿಸಿದೆ. ಒತ್ತು ಕದಿಯುವ ಆಟವಂತೂ ಮಕ್ಕಳಿಗೆ ಅಚ್ಚುಮೆಚ್ಚು: ಒಬ್ಬರು ಕಣ್ಣು ಮುಚ್ಚಿರುವಾಗ ಇನ್ನೊಬ್ಬರು ಚಿಕ್ಕ ಚೀಟಿ ಎತ್ತಿಬಿಡುತ್ತಾರೆ. ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ. ಹೊಸ ಪದವನ್ನು ಸೇರಿಸಿ ವಾಕ್ಯ ಬರೆದರೆ ಚೀಟಿ ವಾಪಸ್ಸು.

ಅರ್ಕಾವತ್ತು ಎಲ್ಲಕ್ಕಿಂತ ಕಷ್ಟ. ಉಚ್ಚಾರಣೆಯಲ್ಲಿ ಮೊದಲು, ಬರವಣಿಗೆಯಲ್ಲಿ ಆಮೇಲೆ. ಮೂವರು ಮಕ್ಕಳನ್ನು ಸೂ, ರ್, ಯ ಎಂದು ಸಾಲಾಗಿ ನಿಲ್ಲಿಸಿದೆ. ಎಲ್ಲರೂ ಸೇರಿ ‘ಸೂರ್ಯ’ ಎಂದು ಕೂಗಿದ ಕೂಡಲೇ ನಡುವಿನ ಹುಡುಗ ಓಡಿಹೋಗಿ ಯ ಹಿಂದೆ ಬೆನ್ನು ಬಾಗಿಸಿ ನಿಲ್ಲಬೇಕು. ಕರ್ನಾಟಕ, ಮಾರ್ಗ, ಸರ್ಪ ಎಲ್ಲದಕ್ಕೂ ಓಡಿದರು. ಒಮ್ಮೆ ಓಡಿದವರ ಪುಸ್ತಕದಲ್ಲಿ ಅರ್ಕಾವತ್ತು ಈಗ ಜಾಗ ಬಿಟ್ಟು ಕದಲುವುದಿಲ್ಲ.

ಆಗಸ್ಟ್–ಸೆಪ್ಟೆಂಬರ್

ಈ ಎರಡು ತಿಂಗಳಲ್ಲಿ ನಡೆದದ್ದೇ ನನ್ನ ದೃಷ್ಟಿಯಲ್ಲಿ ನಿಜವಾದ ಕೆಲಸ. ಅಕ್ಷರ ದುಂಡಗೆ ಬರೆಯುವ ಮಕ್ಕಳೂ ‘ಏನಾದರೂ ಬರೆ’ ಎಂದರೆ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾರೆ. ಯಾರಿಗಾಗಿ ಬರೆಯಬೇಕು ಎಂಬುದು ಅವರಿಗೆ ಕಾಣುವುದಿಲ್ಲ. ಕಾಪಿ ಪುಸ್ತಕವನ್ನು ಓದುವವರು ಮೇಷ್ಟ್ರು ಒಬ್ಬರೇ, ಅವರು ನೋಡುವುದು ತಪ್ಪನ್ನು. ಬರೆದದ್ದನ್ನು ನಂಬಿಕೊಂಡು ಇನ್ನೊಬ್ಬರು ಏನಾದರೂ ಮಾಡಬೇಕಾದ ಆಟಗಳನ್ನೇ ಹುಡುಕತೊಡಗಿದೆ.

ಮೊದಲನೆಯದು ನಿಧಿ ಹುಡುಕುವ ಆಟ. ಒಂದು ಗುಂಪು ಕಡಲೆಮಿಠಾಯಿಯ ಡಬ್ಬಿಯನ್ನು ಬಚ್ಚಿಟ್ಟು ದಾರಿಯನ್ನು ಚೀಟಿಗಳಲ್ಲಿ ಬರೆಯುತ್ತದೆ, ಇನ್ನೊಂದು ಗುಂಪು ಹುಡುಕುತ್ತದೆ. ಬರೆದವರು ಬಾಯಿ ಬಿಡಬಾರದು, ಕೈ ತೋರಿಸಬಾರದು. ಮೊದಲ ಚೀಟಿಯಲ್ಲಿ ‘ಬೇವಿನ ಮರದ ಹತ್ತಿರ ನೋಡಿ’ ಎಂದಿತ್ತು. ಗ್ರಂಥಾಲಯದ ಸುತ್ತ ಬೇವಿನ ಮರ ಎರಡಿವೆ. ಹುಡುಕುವವರು ತಪ್ಪು ಮರದ ಬುಡವನ್ನು ಕೆದಕುತ್ತಿದ್ದರೆ ಬರೆದವರು ತುಟಿ ಕಚ್ಚಿಕೊಂಡು ಚಡಪಡಿಸುತ್ತಿದ್ದರು. ಮುಂದಿನ ಸುತ್ತಿಗೆ ಅವರೇ ಕೂತು ಬರೆದದ್ದು ಹೀಗೆ: ‘ಬೋರ್‌ವೆಲ್ ಪಕ್ಕದ ಬೇವಿನ ಮರಕ್ಕೆ ಹೋಗಿ. ಕಟ್ಟೆಯ ಮೇಲೆ ಹತ್ತಬೇಡಿ. ಕಟ್ಟೆ ಒಡೆದಿರುವ ಕಡೆ ಕೈ ಹಾಕಿ.’ ತಿದ್ದಿ ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಓದುಗ ಎಲ್ಲಿ ದಾರಿ ತಪ್ಪುತ್ತಾನೆ ಎಂಬುದನ್ನು ಕಣ್ಣಾರೆ ಕಂಡಿದ್ದರಿಂದ ಅವರೇ ತಿದ್ದಿದರು. ಅಂದು ನನಗಾದಷ್ಟು ಸಂತೋಷ ಈ ಕೆಲಸದಲ್ಲಿ ಇನ್ನೆಂದೂ ಆಗಿಲ್ಲ. ಈ ಚೀಟಿಗಳಲ್ಲಿ ಕಾಗುಣಿತದ ತಪ್ಪಿಗೆ ನಾನು ಗುರುತು ಹಾಕುವುದಿಲ್ಲ. ‘ಬಲಕ್ಕೆ’ ಹೋಗಿ ‘ಬಾಲಕ್ಕೆ’ ಆದರೆ ಹುಡುಕುವವರೇ ಬಂದು ಜಗಳ ತೆಗೆಯುತ್ತಾರೆ.

ಎರಡನೆಯದು ಚೌಕಾಬಾರ. ಇಪ್ಪತ್ತೈದು ಮನೆ, ನಾಲ್ಕು ಕವಡೆ, ನಾಲ್ಕೂ ಮೇಲ್ಮುಖವಾದರೆ ಚೌಕ, ಎಲ್ಲವೂ ಕವುಚಿ ಬಿದ್ದರೆ ಬಾರ ಎಂಟು, ನಿಯಮಗಳು ಹಳೆಯವೇ. ಸೇರಿಸಿದ್ದು ಇಷ್ಟು: ಪ್ರತಿ ಕಾಯಿಯೂ ಒಂದು ಕತೆಯ ಪಾತ್ರ, ಮನೆಗಳಲ್ಲಿ ಆದರೆ, ಏಕೆಂದರೆ, ಅಷ್ಟರಲ್ಲಿ, ಆದರೂ, ಹಾಗಾಗಿ ಎಂಬ ಪದಗಳು. ಕಾಯಿ ನಿಂತ ಮನೆಯ ಪದವನ್ನು ಬಳಸಿ ಕತೆಯ ಮುಂದಿನ ವಾಕ್ಯ ಬರೆಯಬೇಕು. ಮಕ್ಕಳ ಕತೆಗಳು ‘ಆಮೇಲೆ… ಆಮೇಲೆ…’ ಎಂದೇ ಸಾಗುತ್ತವೆ, ಆದ್ದರಿಂದ ಆ ಪದವನ್ನು ಹಲಗೆಯಲ್ಲಿ ಇಡಲೇ ಇಲ್ಲ.

ಕಾಯಿ ಕಡಿಸಿಕೊಂಡವರ ವಾಕ್ಯಗಳು ನನ್ನನ್ನು ಬೆರಗುಗೊಳಿಸಿವೆ. ಪಾತ್ರ ಮನೆಗೆ ಮರಳಿದ್ದಕ್ಕೆ ಕಾರಣ ಬರೆಯಬೇಕು ಎಂಬುದು ನಿಯಮ. ಮೂರು ಪದಗಳಾಚೆ ಹೋಗದಿದ್ದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕಾಯಿ ಒಂದು ಮೇಕೆ. ಅದು ಕಡಿಸಿಕೊಂಡಾಗ ಅವಳು ಬರೆದಳು: ‘ಮೇಕೆ ಸಂತೆಯಲ್ಲಿ ಹಗ್ಗ ಕಿತ್ತುಕೊಂಡು ಓಡಿಬಂತು, ಏಕೆಂದರೆ ಅದರ ಮರಿ ಮನೆಯಲ್ಲಿತ್ತು.’ ಗೆಲ್ಲುವ ಹಂಬಲವನ್ನೂ ಬಿಟ್ಟು ಉಳಿದವರು ‘ಆ ಮೇಕೆಗೆ ಏನಾಯಿತು’ ಎಂದು ಕೇಳುತ್ತಾ ಕುಳಿತರು. ಕಾಯಿ ಹಣ್ಣಾದ ಮೇಲೆ ಪೂರ್ತಿ ಕತೆಯನ್ನು ಅವಳೇ ಎದ್ದು ನಿಂತು ಓದಿದಳು.

ಈಗ

ದೊಡ್ಡವರಿಗೆ ಅಂಚೆಯ ಆಟ ಸಿದ್ಧವಾಗುತ್ತಿದೆ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಇಂಥದ್ದೇ ಗುಂಪು ನಡೆಸುವ ಗೆಳತಿಯ ಮಕ್ಕಳಿಗೆ ನಮ್ಮವರು ಅಂಚೆ ಕಾರ್ಡಿನಲ್ಲಿ ಒಗಟು ಬರೆದು ಕಳಿಸುತ್ತಾರೆ. ಒಗಟನ್ನು ಸ್ವಂತವಾಗಿ ಕಟ್ಟಬೇಕು, ಉತ್ತರ ಆ ಕಡೆಯಿಂದ ಕಾರ್ಡಿನಲ್ಲೇ ಬರಬೇಕು. ಕಾರ್ಡಿನಲ್ಲಿ ಜಾಗ ಕಡಿಮೆ ಇರುವುದು ಇಲ್ಲಿ ಅನುಕೂಲ. ಯಾವ ಮಾತು ಬೇಕು, ಯಾವುದು ಬೇಡ ಎಂದು ಅವರೇ ಚರ್ಚಿಸುತ್ತಿದ್ದಾರೆ. ವಿಳಾಸ ಬರೆಯುವುದನ್ನೂ ಆಟ ಮಾಡಿದ್ದೇವೆ. 1972ರಲ್ಲಿ ಬಂದ ಪಿನ್ ಕೋಡಿನ ಆರು ಅಂಕಿಗಳಲ್ಲಿ ಮೊದಲನೆಯದು ನಮ್ಮ ವಲಯವನ್ನು ಸೂಚಿಸುವ 5 ಎಂದು ಹೇಳಿದ ಮೇಲೆ, ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳ ಲಕೋಟೆಗಳನ್ನೆಲ್ಲ ತಂದು ಅಂಕಿ ಹೋಲಿಸತೊಡಗಿದ್ದಾರೆ.

ಮೊದಲ ಕಂತಿನ ಕಾರ್ಡುಗಳು ಮುಂದಿನ ವಾರ ಪೆಟ್ಟಿಗೆಗೆ ಬೀಳುತ್ತವೆ. ಅಷ್ಟರೊಳಗೆ ಒಂದನೇ ತರಗತಿಯವರಿಗೂ ಚೌಕಾಬಾರದ ಹಲಗೆ ಬೇಕು ಎಂದು ದೊಡ್ಡವರು ಹಟ ಹಿಡಿದಿದ್ದಾರೆ. ಅದರ ನಿಯಮಗಳನ್ನು ಬರೆದುಕೊಡುವ ಕೆಲಸ ಅವರಿಗೇ ವಹಿಸಿದ್ದೇನೆ.