ಕೊಳಲಿನ ತಾರ ಷಡ್ಜ ಮತ್ತು ಕಿವಿ ಮಷೀನು

ಮಂಡ್ಯದಲ್ಲಿ ನಮ್ಮದೊಂದು ಶನಿವಾರದ ಭಜನೆ ಇದೆ. ನಾನು ಅಲ್ಲಿ ಕೊಳಲು ಊದುವವನು. ಮಗ ಎರಡೂ ಕಿವಿಗೆ ಮಷೀನು ಕೊಡಿಸಿದ ಮೇಲೆ ನನ್ನ ಕಿವಿಯಿಂದಲೂ ಕುಂಯ್ ಅಂತ ಶಿಳ್ಳೆ ಬರತೊಡಗಿತು. "ಮೇಷ್ಟ್ರೇ, ನಿಮ್ಮ ಫೋನ್ ಬಡ್ಕೊಳ್ತಿದೆ" ಎಂದು ಹಾರ್ಮೋನಿಯಂನವರು ನಗುತ್ತಿದ್ದರು. ಚಳಿಗೆ ಮಫ್ಲರ್ ಸುತ್ತಿದರೆ ಶಿಳ್ಳೆ. ಮೊಮ್ಮಗಳು ಬಂದು ತಬ್ಬಿಕೊಂಡರೆ ಶಿಳ್ಳೆ. ಕೋಡುಬಳೆ ಅಗಿದರೂ ಶಿಳ್ಳೆ.

ಮಾರಿದ ಅಂಗಡಿಯವರು "ಹಾಕಿರೋದೇ ಗೊತ್ತಾಗಲ್ಲ ಸರ್" ಎಂದು ಕಿವಿಯೊಳಗೆ ಪೂರ್ತಿ ಕೂರುವ ಪುಟ್ಟ ಮಷೀನು ಕೊಟ್ಟಿದ್ದರು. ದೂರು ಹೇಳಿದಾಗೆಲ್ಲ ಅವರು ಮಾಡುತ್ತಿದ್ದದ್ದು ಒಂದೇ, ವಾಲ್ಯೂಮ್ ಇಳಿಸುವುದು. ಇಳಿಸಿದರೆ ಶಿಳ್ಳೆಯೂ ಇಲ್ಲ, ಮಾತೂ ಇಲ್ಲ. ಅದಕ್ಕೆ ದುಡ್ಡು ಬೇರೆ ಕೊಟ್ಟಾಗಿತ್ತು.

ಆಮೇಲೆ ಹಿಡಿದದ್ದು ಮೈಸೂರಿನ ದಾರಿ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಲ್ಲಿ ಶುರುವಾದದ್ದು. ನಮ್ಮ ಕಡೆ ಎಲ್ಲರೂ 'ಸ್ಪೀಚ್ ಅಂಡ್ ಹಿಯರಿಂಗ್' ಎಂದೇ ಹೇಳುವುದು. ಅಲ್ಲಿ ಪರೀಕ್ಷೆ ಮಾಡಿ, ದಾರ ಕಟ್ಟಿದ ಹತ್ತಿಯುಂಡೆಯನ್ನು ಕಿವಿಯೊಳಗಿಟ್ಟು, ಸಿಲಿಕೋನ್ ತುಂಬಿ ಅಚ್ಚು ತೆಗೆದುಕೊಂಡರು. ಕಿವಿಯ ಹಿಂದೆ ಕೂರುವ ಮಷೀನು, ಅದಕ್ಕೆ ನನ್ನ ಕಿವಿಯ ಅಳತೆಯದೇ ಬಿರಡೆ, ಅಂದರೆ ಮೋಲ್ಡ್, ಎಂದು ತೀರ್ಮಾನವಾಯಿತು. ನಾನು ಹೇಳಹೊರಟಿರುವುದು ಆ ಮೋಲ್ಡ್ ಹಾಕಿದ ದಿನದ ಕತೆ. ಹೆಂಡತಿ ಜೊತೆಗಿದ್ದಳು, ಚೀಲದಲ್ಲಿ ಕೊಳಲಿತ್ತು.

ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡಿ ಮಷೀನು ಹೊಂದಿಸುವವರು, ಚಿಕ್ಕ ವಯಸ್ಸಿನ ಹುಡುಗಿ. ಮೊದಲು ಶಿಳ್ಳೆ ಯಾಕೆ ಎಂದು ಹೇಳಿದರು. ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡಿದವರು ಸ್ಪೀಕರ್ ಮುಂದೆ ಬಂದರೆ ಕಿರುಚುತ್ತದಲ್ಲ, ಇದೂ ಹಾಗೇ. ಕಿವಿಯೊಳಗಿನ ಸ್ಪೀಕರ್‌ನ ಸದ್ದು ಸಂದಿಯಿಂದ ಹೊರಗೆ ಸೋರುತ್ತದೆ. ಮೈಕ್ ಅದನ್ನು ಹಿಡಿದು ಮತ್ತೆ ಒಳಗೆ ಕಳಿಸುತ್ತದೆ. ಸುತ್ತು ನಿಲ್ಲುವುದೇ ಇಲ್ಲ. ಪುಟ್ಟ ಮಷೀನಿನಲ್ಲಿ ಮೈಕ್‌ಗೂ ಸ್ಪೀಕರ್‌ಗೂ ನಡುವೆ ಒಂದೆರಡು ಸೆಂಟಿಮೀಟರ್ ಅಷ್ಟೇ. ಅಗಿಯುವಾಗ ದವಡೆ ಆಡಿದರೆ ಕಿವಿಯ ಕೊಳವೆಯ ಆಕಾರವೇ ಬದಲಾಗಿ ಸಂದಿ ಬಿಡುತ್ತದೆ. ಕೋಡುಬಳೆಯ ಗುಟ್ಟು ಗೊತ್ತಾಯಿತು.

ಇನ್ನೊಂದು ತೊಡಕೂ ಇತ್ತು. ನನಗೆ ತಗ್ಗಿನ ಸದ್ದು, ಅಂದರೆ ದಪ್ಪ ದನಿಯದು, ಚೆನ್ನಾಗಿಯೇ ಕೇಳುತ್ತದೆ. ಹೋಗಿರುವುದು 2000 ಹರ್ಟ್ಸ್‌ನಿಂದ ಮೇಲಿನ ಕೀರಲು ಸದ್ದು. ಸ, ಶ, ತ ಇವೆಲ್ಲ ಗುರುತು ಸಿಗುವುದು ಅಲ್ಲೇ. ಹಾಗಾಗಿ ಮಷೀನು ಜಾಸ್ತಿ ಎತ್ತಬೇಕಾದದ್ದೂ ಅಲ್ಲೇ, ಶಿಳ್ಳೆ ಏಳುವುದೂ ಅಲ್ಲೇ.

ಹೊಸ ಮೋಲ್ಡ್ ಬಿಗಿಯಾಗಿ ಕೂತಿತು. ಶಿಳ್ಳೆ ನಿಂತಿತು. ಆದರೆ ಬಾಯಿ ತೆರೆದರೆ ನನ್ನ ದನಿ ತಲೆಯೊಳಗೇ ಗುಂಯ್‌ಗುಟ್ಟುತ್ತಿತ್ತು. ಎರಡೂ ಕಿವಿಗೆ ಬೆರಳಿಟ್ಟು 'ಈ' ಎಂದು ನೋಡಿ, ಗೊತ್ತಾಗುತ್ತದೆ. ನಮ್ಮ ದನಿಯ ಒಂದು ಪಾಲು ಮೂಳೆಯ ಮೂಲಕ ಕಿವಿಯ ಕೊಳವೆಗೆ ಬರುತ್ತದೆ. ಬಾಗಿಲು ಮುಚ್ಚಿದ್ದರೆ ಅದು ಹೊರಗೆ ಹೋಗುವುದೆಲ್ಲಿಗೆ? ಅದಕ್ಕೇ ಮೋಲ್ಡಿನಲ್ಲಿ ಉದ್ದಕ್ಕೂ ಒಂದು ಸಣ್ಣ ತೂತು ಬಿಡುತ್ತಾರೆ. ನನ್ನದು ಸುಮಾರು 1 ಮಿಲಿಮೀಟರ್ ಇತ್ತು. ಅದನ್ನು 2 ಮಿಲಿಮೀಟರಿಗೆ ಅಗಲ ಮಾಡಿಸಿಕೊಂಡು ಬಂದರು. ದನಿ ಹಗುರವಾಯಿತು. ತಗ್ಗಿನ ಸದ್ದು ಆ ತೂತಿನಿಂದ ತಾನಾಗಿಯೇ ಒಳಗೆ ಬಂತು. ಶಿಳ್ಳೆಯೂ ಸ್ವಲ್ಪ ಬಂತು!

ಅದಕ್ಕೆ ಕಂಪ್ಯೂಟರಿನಲ್ಲಿ ಮದ್ದಿತ್ತು. ಶಿಳ್ಳೆ ಏಳುತ್ತಿದ್ದ ಹಾಗೇ ಮಷೀನು ಅದಕ್ಕೆ ಉಲ್ಟಾ ಅಲೆ ಕೂಡಿಸಿ ಅಳಿಸಿಬಿಡುತ್ತದೆ. ಹಾಕಿದರು. ಮಾತು ಒಳ್ಳೇ ಸ್ಪಷ್ಟ. ಹೆಂಡತಿ ಮೆಲ್ಲಗೆ "ಹಸಿವಾಗ್ತಿದೆ ಕಣ್ರೀ" ಎಂದದ್ದೂ ಕೇಳಿತು.

"ಈಗ ಕೊಳಲು ಊದಿ ಸರ್" ಎಂದರು. ಮಧ್ಯ ಸ್ಥಾಯಿ ಪರವಾಗಿಲ್ಲ. ಮೇಲಿನ ಷಡ್ಜ ಹಿಡಿದು ನಿಲ್ಲಿಸಿದೆ ನೋಡಿ, ಸ್ವರ ನಡುಗತೊಡಗಿತು, ಪಕ್ಕದಲ್ಲೇ ಇನ್ನೊಂದು ಅಪಸ್ವರ ಸೇರಿಕೊಂಡಿತು. ಊದುವುದು ನಿಲ್ಲಿಸಿದ ಮೇಲೂ ಒಂದು ಕ್ಷಣ ಚಿಂಯ್ ಎಂದು ಬಾಲ ಉಳಿಯಿತು. ಆಕೆಗೆ ಇದು ಹೊಸದಲ್ಲ. ಮಾತು ಒಂದೇ ಸ್ವರದಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ, ಶಿಳ್ಳೆ ಹಾಗೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಕೊಳಲೂ ಹಾಗೇ. ನನ್ನ ಷಡ್ಜವನ್ನು ಮಷೀನು ತನ್ನದೇ ಶಿಳ್ಳೆ ಎಂದುಕೊಂಡು ಅಳಿಸಲು ಹೊರಟಿತ್ತು. ನಲವತ್ತು ವರ್ಷದ ಸಾಧನೆಗೆ ಈ ಮರ್ಯಾದೆ!

ಹಾಗಾಗಿ ಸಂಗೀತಕ್ಕೆ ಎರಡನೇ ಪ್ರೋಗ್ರಾಂ ಮಾಡಿಕೊಟ್ಟರು. ಅದರಲ್ಲಿ ಆ ಅಳಿಸುವ ಕೆಲಸ ಬಂದ್. ಬದಲಿಗೆ ಮೇಲಿನ ಸದ್ದನ್ನು ಸ್ವಲ್ಪ ಇಳಿಸಿದರು, ಶಿಳ್ಳೆ ಏಳದ ಹಾಗೆ. ಜೋರು ಸದ್ದನ್ನು ಮಷೀನು ತಾನಾಗಿಯೇ ಅದುಮುವುದನ್ನೂ ಕಡಿಮೆ ಮಾಡಿದರು. ಷಡ್ಜ ನೆಟ್ಟಗೆ ನಿಂತಿತು. ಭಜನೆಯಲ್ಲಿ ಬಡಿಯುವ ತಾಳದ ಸದ್ದಿಗೆ ಮಾತ್ರ ಪರಿಹಾರ ಇಲ್ಲವಂತೆ. ನಾವಾಡುವ ಮಾತು ಸುಮಾರು 65 ಡೆಸಿಬಲ್, ಕಿವಿಯ ಪಕ್ಕದ ತಾಳ 100 ದಾಟಬಹುದು. ಎಷ್ಟೋ ಮಷೀನುಗಳಲ್ಲಿ ಅಷ್ಟು ಜೋರಾದದ್ದು ಮೈಕ್ ದಾಟಿ ಒಳಬರುವ ಬಾಗಿಲಲ್ಲೇ ಒಡೆದುಹೋಗುತ್ತದೆ. ಆಮೇಲೆ ಏನು ತಿದ್ದಿದರೂ ಒಡೆದದ್ದು ಒಡೆದದ್ದೇ. ದೂರ ಕೂರಬೇಕು ಅಷ್ಟೇ.

ಅಂಗಡಿಗಳಲ್ಲಿ ಚಾನೆಲ್ ಎಷ್ಟು, ಬ್ಲೂಟೂತ್ ಇದೆಯಾ ಎಂದು ಬಾಯ್ತುಂಬ ಹೇಳುತ್ತಾರೆ. ತೂತು ಎಷ್ಟು ಮಿಲಿಮೀಟರ್ ಎಂದು ನನಗಂತೂ ಯಾರೂ ಹೇಳಿರಲಿಲ್ಲ. ಮೋಲ್ಡಿನ ಪ್ಲಾಸ್ಟಿಕ್ ನಳಿಗೆ ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತದೆ, ಬದಲಾಯಿಸಬೇಕು ಅನ್ನುವುದನ್ನೂ ಹೇಳಿದ್ದು ಈ ಹುಡುಗಿಯೇ.

ಊಟ ಮುಗಿಸಿ ಸ್ಟೇಷನ್ನಿಗೆ ಬಂದೆವು. ಹೆಂಡತಿ ಏನೋ ಹೇಳುತ್ತಿದ್ದಳು, ನಾನು "ಆಂ?" ಎನ್ನುತ್ತಿದ್ದೆ.

"ಇನ್ನೂ ಕೊಳಲಿನ ನಂಬರಲ್ಲೇ ಇದೀರಾ? ಮೊದಲನೇದಕ್ಕೆ ಹಾಕ್ಕೊಳ್ರೀ. ಟಿಕೆಟ್ ತಗೋಬೇಕು, ಕ್ಯೂ ಉದ್ದ ಇದೆ."